ಆ ಕಾಡಿಗೆ ಲಾವಾ ಹೊಸದಲ್ಲ

ಹಿಲೊ ಬಿಡುವಾಗ ಜೋರು ಮಳೆ. ಹವಾಯಿಯ ಬಿಗ್ ಐಲ್ಯಾಂಡ್‌ನ ಈ ಪೂರ್ವ ತೀರದಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಜಾಸ್ತಿ ಸುರಿಯುತ್ತದೆ. ಈಶಾನ್ಯದ ಗಾಳಿ ಕಡಲಿನಿಂದ ಹೊತ್ತು ತಂದ ತೇವವನ್ನೆಲ್ಲ ಮೌನಾ ಕೆಯಾ, ಮೌನಾ ಲೋವಾ ಜ್ವಾಲಾಮುಖಿ ಬೆಟ್ಟಗಳು ಇಲ್ಲೇ ಇಳಿಸಿಕೊಂಡುಬಿಡುತ್ತವೆ. ಎರಡೂ 4,100 ಮೀಟರಿಗಿಂತ ಎತ್ತರ. ನಾವು ಹೊರಟಿದ್ದು ಅವೆರಡರ ನಡುವಿನ ರಸ್ತೆಯಲ್ಲಿ, ಪಶ್ಚಿಮ ತೀರಕ್ಕೆ.

ಏರುತ್ತಾ ಹೋದಂತೆ ಮರಗಳು ಗಿಡ್ಡವಾದವು. ಆಮೇಲೆ ಇದ್ದಕ್ಕಿದ್ದಂತೆ ಕಪ್ಪು ನೆಲ. 1855ರ ಲಾವಾ. ಇಳಿದು ಬಗ್ಗಿ ನೋಡಿದೆ. ಹಗ್ಗ ಹೊಸೆದಿಟ್ಟ ಹಾಗೆ ಮಡಿಕೆ ಮಡಿಕೆಯಾದ ಕಲ್ಲು. ಬಿರುಕಿನಲ್ಲಿ ಬೂದು ಕಲ್ಲುಹೂವು, ಒಂದೆರಡು ಜರೀಗಿಡ, ಮೊಣಕಾಲೆತ್ತರದ ಓಹಿಯಾ. ನಮ್ಮ ನೇರಳೆಯ ಕುಟುಂಬದ್ದೇ ಗಿಡ. ಹೂವಿನಲ್ಲಿ ಕಾಣುವುದೆಲ್ಲ ಕೆಂಪು ಕೇಸರಗಳೇ. ಮಣ್ಣೇ ಇಲ್ಲದ ಕಡೆ ಮೊದಲು ಬೇರೂರುವ ಮರ ಇದು. ಎಂಥ ಛಲ ಅಲ್ವಾ!

ಲಾವಾ ಸುತ್ತು ಬಳಸಿ ಹರಿದು ಹೋಗಿದ್ದರಿಂದ ಅಲ್ಲಲ್ಲಿ ಹಳೆ ಕಾಡಿನ ತುಂಡುಗಳು ಉಳಿದಿವೆ. ಇವೇ ಕಿಪುಕಾ. ಕೌಲಾನಾ ಮನು ಅನ್ನೋ ಕಾಲುದಾರಿ ಅಂಥದ್ದೊಂದರ ಒಳಗಿದೆ. ಶುರುವಿನಲ್ಲೇ ಬ್ರಷ್ ಇಟ್ಟಿದ್ದಾರೆ. ಬೂಟಿನ ಮಣ್ಣು ಉಜ್ಜಿಯೇ ಒಳಗೆ ಹೋಗಬೇಕು. ಓಹಿಯಾವನ್ನು ಒಣಗಿಸಿ ಕೊಲ್ಲುವ ಶಿಲೀಂಧ್ರವೊಂದು ಈ ದ್ವೀಪದಲ್ಲಿ ಹಬ್ಬಿದೆ. ಅದು ಮಣ್ಣಿನ ಜೊತೆಗೂ ಸಾಗುತ್ತದೆ. ಬೂಟಿನ ಅಡಿಯ ಒಂದೊಂದು ಗೆರೆಯನ್ನೂ ಉಜ್ಜಿದೆ.

ಒಳಗೆ ತಂಪು. ಮೇಲೆ ಅಪಪಾನೆ ಹಕ್ಕಿಗಳು, ಹೂವಿನಷ್ಟೇ ಕೆಂಪು, ಹೂವಿಂದ ಹೂವಿಗೆ ಹಾರುತ್ತಾ ಮಕರಂದ ಹೀರುತ್ತಿದ್ದವು. ಇವುಗಳ ನೆಂಟರಲ್ಲಿ ಎಷ್ಟೋ ಜಾತಿಗಳು ಈಗಿಲ್ಲ. 1820ರ ದಶಕದಲ್ಲಿ ಹಡಗಿನಲ್ಲಿ ಸೊಳ್ಳೆ ಬಂತು, ಆಮೇಲೆ ಹಕ್ಕಿಗಳಿಗೆ ಮಲೇರಿಯಾ. ಉಳಿದುಕೊಂಡಿರುವುದು ಹೆಚ್ಚಾಗಿ ಸೊಳ್ಳೆಗೆ ಒಗ್ಗದ ಚಳಿಯ ಎತ್ತರದಲ್ಲೇ. ಬಿಸಿ ಏರಿದಂತೆ ಸೊಳ್ಳೆಯೂ ಮೇಲೇರುತ್ತಿದೆ. ಅದನ್ನು ನೆನೆದೇ ಸಂಕಟವಾಯಿತು.

ಮುಂದೆ 2022ರಲ್ಲಿ ಮೌನಾ ಲೋವಾ ಉಗುಳಿದ ಲಾವಾ. ಹೆದ್ದಾರಿಗೆ 3 ಕಿ.ಮೀ. ಕೂಡ ದೂರವಿಲ್ಲದಷ್ಟು ಹತ್ತಿರ ಬಂದು ನಿಂತಿತ್ತು.

ಪಶ್ಚಿಮಕ್ಕೆ ಇಳಿದರೆ ಬೇರೆಯೇ ಲೋಕ. ತೀರದ ಕೆಲವು ಕಡೆ ವರ್ಷಕ್ಕೆ 250 ಮಿ.ಮೀ. ಮಳೆಯೂ ಇಲ್ಲ. ಕಣ್ಣು ಹಾಯಿಸಿದಷ್ಟೂ ಒಣಹುಲ್ಲು, ಆಫ್ರಿಕಾದಿಂದ ತಂದ ಫೌಂಟನ್ ಗ್ರಾಸ್. ಬೆಂಕಿ ಬಿದ್ದರೆ ಹುಲ್ಲು ಬೇಗ ಚಿಗುರುತ್ತದೆ. ಇಲ್ಲಿನ ಒಣಕಾಡಿನ ಮರಗಳಲ್ಲಿ ಹೆಚ್ಚಿನವು ಚೇತರಿಸಿಕೊಳ್ಳುವುದಿಲ್ಲ. ನಿಜ ಹೇಳಬೇಕೆಂದರೆ, ಬೆಳಿಗ್ಗೆಯಿಂದ ನೋಡಿದ ಲಾವಾಗಿಂತ ಈ ಹುಲ್ಲಿಗೇ ನಾನು ಜಾಸ್ತಿ ಹೆದರಿದೆ.