ಕಾರ್ಪೆಂಟ್ರಿ ಶೆಡ್ಡಿನ ದೋಣಿ

ನಾವು ದಾವಣಗೆರೆಯಲ್ಲಿ ಕಲಿಯುತ್ತಿದ್ದ ಕಾಲದಲ್ಲಿ ವರ್ಕ್‌ಶಾಪ್‌ಗೆ ಹೋದರೆ ಹುಡುಗರೆಲ್ಲ ಮುತ್ತಿಕೊಳ್ಳುತ್ತಿದ್ದದ್ದು ಲೋಹ ಕಡೆಯುವ ಲೇತ್ ಯಂತ್ರದ ಸುತ್ತ. ಪಕ್ಕದ ಹರಿಹರದಲ್ಲೇ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇತ್ತು. ಲೇತ್ ಕಲಿತವನಿಗೆ ಕೆಲಸ ಗ್ಯಾರಂಟಿ ಅನ್ನೋ ನಂಬಿಕೆ. ಕಾರ್ಪೆಂಟ್ರಿ ಶೆಡ್ಡಿಗೆ ಹೋಗುತ್ತಿದ್ದದ್ದು ಬರೀ ಹಾಜರಿಗೆ. ಒಂದು ಜಾಯಿಂಟ್ ಕೊರೆದು ತೋರಿಸಿ, ಮಾರ್ಕ್ಸ್ ಹಾಕಿಸಿಕೊಂಡು ಬಂದರೆ ಮುಗೀತು.

ಅಂಥ ಶೆಡ್ಡಿನಲ್ಲಿ ನಮ್ಮ ಮರಗೆಲಸದ ಮೇಷ್ಟ್ರು ದೋಣಿ ಕಟ್ಟೋಣ ಅಂದರು. ಎಲ್ಲರೂ ನಕ್ಕರು. ದಾವಣಗೆರೆಯಲ್ಲಿ ದೋಣಿ ಅಂದರೆ ನಗು ಬರದೆ ಇರುತ್ತಾ?

“ಯಾಕಲೇ ತಮ್ಮಾ, ಕೊಂಡಜ್ಜಿ ಕೆರೆ ಇಲ್ವಾ? ಹರಿಹರದಾಗೆ ಹೊಳೆ ಇಲ್ವಾ?” ಅಂದರು. ಅವರ ಲೆಕ್ಕ ಬೇರೆ ಇತ್ತು ಅಂತ ಆಮೇಲೆ ಗೊತ್ತಾಯಿತು. ಕಪಾಟಿನಲ್ಲಿ ಸಂದು ಬಿಟ್ಟರೆ ಪುಟ್ಟಿ ತುಂಬಿ ಬಣ್ಣ ಬಳಿಯಬಹುದು. ದೋಣಿಯಲ್ಲಿ ಸಂದು ಬಿಟ್ಟರೆ ನೀರು ಒಳಗೆ ಬರುತ್ತದೆ. ಸಂದು ಕೂಡಬೇಕಾದರೆ ಅಂಚು ಸರಿಯಾಗಿ ಕೀಸಬೇಕು. ಕೀಸಲು ಉಪಕರಣ ಹರಿತವಿರಬೇಕು. ನಮಗೆ ಹರಿತ ಮಾಡೋದನ್ನು ಕಲಿಸಲು ಅವರು ಹಿಡಿದ ದಾರಿ ಅದು.

ಮಂಡಿಪೇಟೆಯ ಹಾರ್ಡ್‌ವೇರ್ ಅಂಗಡಿಗೆ ನಮ್ಮನ್ನೂ ಕರೆದುಕೊಂಡು ಹೋದರು. ಅಂಗಡಿಯವರು ಹೊಳೆಯುವ ಉಳಿಗಳ ಸೆಟ್ ತೆಗೆದಿಟ್ಟರು. ಮೇಷ್ಟ್ರು ಅದನ್ನು ಪಕ್ಕಕ್ಕೆ ಸರಿಸಿ ಬಿಡಿ ಉಳಿ ಮೂರೇ ಕೇಳಿದರು: ಕಾಲಿಂಚು, ಅರ್ಧ ಇಂಚು, ಒಂದಿಂಚು. ಪ್ರತಿಯೊಂದರ ಬೆನ್ನನ್ನೂ, ಅಂದರೆ ಓರೆಯಿಲ್ಲದ ಚಪ್ಪಟೆ ಮುಖವನ್ನು, ಸ್ಟೀಲ್ ಸ್ಕೇಲ್ ಮೇಲಿಟ್ಟು ಬೆಳಕಿಗೆ ಹಿಡಿದರು. ಬೆನ್ನು ಸಪಾಟಾಗಿಲ್ಲದ ಉಳಿಯನ್ನು ಎಷ್ಟು ಮಸೆದರೂ ಅಷ್ಟೆ, ನೇರ ಕೊರೆಯುವುದಿಲ್ಲ. ಗರಗಸವನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿದರು. ಮರ ಕೀಸುವ ಉಜ್ಜುಗೊರಡಿನ ತಳಕ್ಕೂ ಅದೇ ಪರೀಕ್ಷೆ. ಅಂಗಡಿಯವರಿಗೆ ಬೇಜಾರಾಯಿತು, ನಮಗೂ ಆಯಿತು.

ಹೊಸ ತೇಗ ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಕೆಡವಿದ ಮನೆಯೊಂದರ ತೊಲೆ, ಬಾಗಿಲ ಹಲಗೆ ತಂದೆವು. ಹಳೆಯ ತೇಗ ಒಣಗಿರುತ್ತದೆ, ಸೊಟ್ಟ ತಿರುಗುವುದು ಕಡಿಮೆ. ಆದರೆ ಒಳಗೆ ಮೊಳೆ ಮುರಿದುಕೊಂಡಿರುತ್ತದೆ. ಮೇಷ್ಟ್ರು ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆಲ್ಲ ಆಡಿಸುತ್ತಿದ್ದರು. ಅದು ಒಂದು ಕಡೆ ವಾಲಿದರೆ ಅಲ್ಲಿ ಸೀಮೆಸುಣ್ಣದ ಗುರುತು. ಮೊಳೆ ಕಿತ್ತ ಮೇಲೇ ಗೊರಡು ಮುಟ್ಟಬೇಕು. ಮೊಳೆ ಇಲ್ಲದಿದ್ದರೂ ತೇಗ ಅಲಗನ್ನು ಬೇಗ ಮೊಂಡು ಮಾಡುತ್ತದೆ, ಅದರೊಳಗೆ ಮರಳಿನ ಜಾತಿಯ ಸಿಲಿಕಾ ಇರುತ್ತದೆ. ಹಾಗಾಗಿ ಕೀಸಿದ್ದಕ್ಕಿಂತ ಮಸೆದದ್ದೇ ಜಾಸ್ತಿ ಅನ್ನಿಸುತ್ತಿತ್ತು.

ಮಸೆಯೋದು ಒಂದು ದೊಡ್ಡ ಅಧ್ಯಾಯ. ತಿರುಗುವ ಸಾಣೆಗೆ ಹಿಡಿದರೆ 25 ಡಿಗ್ರಿ ಓರೆ, ಆಮೇಲೆ ಕೈಗಲ್ಲಿನ ಮೇಲೆ ತುದಿಗಷ್ಟೇ 30 ಡಿಗ್ರಿ. ಸಾಣೆಗೆ ಒತ್ತಿ ಹಿಡಿದರೆ ಉಳಿ ಕಾಯುತ್ತದೆ. ತುದಿ ನೀಲಿ ಬಣ್ಣಕ್ಕೆ ತಿರುಗಿತೋ, ಉಕ್ಕಿನ ಹದ ಹೋಯಿತು. ಅಷ್ಟು ಭಾಗವನ್ನು ಸವೆಸಿಯೇ ಹಾಕಬೇಕು. ಅದಕ್ಕೆ ಪಕ್ಕದಲ್ಲಿ ಒಂದು ಡಬ್ಬಿ ನೀರು, ಎರಡು ಸಲ ತಾಗಿಸಿದರೆ ಒಂದು ಸಲ ಅದ್ದು. ಕೈಗಲ್ಲಿಗೆ ಸೀಮೆಎಣ್ಣೆ ಬೆರೆಸಿದ ತೆಳು ಎಣ್ಣೆ. ಒರಟು ಮುಖದ ಮೇಲೆ ಮಸೆಯುತ್ತಾ ಹೋದರೆ ಬೆನ್ನ ಕಡೆಗೆ ಕೂದಲೆಳೆಯಂಥ ಸಿಬಿರು ಮಗುಚಿಕೊಳ್ಳುತ್ತದೆ. ಬೆರಳಿಗೆ ಅದು ತುದಿಯ ಉದ್ದಕ್ಕೂ ಸಿಗುವವರೆಗೆ ನುಣುಪು ಮುಖಕ್ಕೆ ಹೋಗುವಂತಿಲ್ಲ. ಕೊನೆಗೆ ಬೆನ್ನನ್ನು ಕಲ್ಲಿನ ಮೇಲೆ ಸಪಾಟಾಗಿ ಮಲಗಿಸಿ ಆ ಸಿಬಿರು ತೆಗೆದು, ಹಳೆಯ ಬೆಲ್ಟಿನ ಚರ್ಮಕ್ಕೆ ಎಳೆಯಬೇಕು. ಬೆನ್ನನ್ನು ಎಂದೂ ಎತ್ತಬಾರದು. ಎತ್ತಿದವನ ತಲೆಗೆ ಕೊಡತಿಯ ಹಿಡಿಯಿಂದ ಮೆಲ್ಲಗೆ ಒಂದು ಬೀಳುತ್ತಿತ್ತು!

ಕಲ್ಲು ಕೂಡ ನಡುವೆ ಸವೆದು ಗುಳಿ ಬೀಳುತ್ತದೆ. ಗುಳಿ ಬಿದ್ದ ಕಲ್ಲಿನಲ್ಲಿ ನೇರ ಅಂಚು ಬರೋದಿಲ್ಲ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ಕಲ್ಲನ್ನೇ ಉಜ್ಜಿ ಮಟ್ಟ ಮಾಡುತ್ತಿದ್ದೆವು. ಗರಗಸಕ್ಕೆ ಮುಮ್ಮೂಲೆ ಅರ. ಉದ್ದಕ್ಕೆ ಸೀಳುವ ಗರಗಸದ ಹಲ್ಲನ್ನು ನೇರಕ್ಕೆ ಉಜ್ಜಬೇಕು, ಅಡ್ಡ ಕೊಯ್ಯುವುದರ ಹಲ್ಲನ್ನು ಓರೆಯಾಗಿ. ಅದು ನನಗೆ ಸರಿಯಾಗಿ ಒಲಿಯಲೇ ಇಲ್ಲ, ಈಗಲೂ ಬೇರೆಯವರ ಹತ್ತಿರ ಮಾಡಿಸುತ್ತೇನೆ.

ಆಯುಧ ಪೂಜೆ ದಿನದ ಒಂದು ವಿಷಯ ಹೇಳಬೇಕು. ಬೇರೆ ವಿಭಾಗಗಳಲ್ಲಿ ಉಪಕರಣಗಳಿಗೆ ಕುಂಕುಮ, ಅರಿಶಿನ, ನಿಂಬೆಹಣ್ಣು, ಎರಡು ದಿನ ರಜೆ. ರಜೆ ಮುಗಿಸಿ ಬಂದರೆ ಅಲ್ಲಲ್ಲಿ ತುಕ್ಕು. ನಮ್ಮ ಮೇಷ್ಟ್ರು ಭಕ್ತರೇ. ಆದರೆ ಪೂಜೆಗೆ ಮುಂಚೆ ಎಲ್ಲ ಅಲಗಿಗೂ ಎಣ್ಣೆ ಸವರಿಸುತ್ತಿದ್ದರು, ಕುಂಕುಮ ಹಿಡಿಗೆ ಮಾತ್ರ. “ದೇವರಿಗೆ ಹಿಡಿ ಸಾಕಲೇ, ಅಲಗು ನಮಗಿರಲಿ” ಅನ್ನುತ್ತಿದ್ದರು.

ದೋಣಿ ಶುರುವಾದ ಮೇಲೆ ಮೂಲೆಮಟ್ಟ ಮೂಲೆ ಸೇರಿತು. ಕ್ಲಾಸಿನಲ್ಲಿ ಅಷ್ಟು ದಿನ ಅದನ್ನೇ ಹಿಡಿದು 90 ಡಿಗ್ರಿ, 90 ಡಿಗ್ರಿ ಅಂತ ಪರದಾಡಿದ್ದೆವು. ದೋಣಿಯಲ್ಲಿ ಹಾಗೆ ನೇರ ಮೂಲೆ ಸಿಗೋದೇ ಅಪರೂಪ. ಪಕ್ಕದ ಹಲಗೆ ತಳಕ್ಕೆ ಸೇರುವ ಓರೆ ಮುಂದೆ ಒಂದು, ನಡುವೆ ಇನ್ನೊಂದು, ಹಿಂದೆ ಮತ್ತೊಂದು. ಅದಕ್ಕೆ ಬೇಕಾದದ್ದು ಯಾವ ಓರೆಗೂ ತಿರುಗಿಸಿ ಹೊಂದಿಸಬಹುದಾದ ಬೆವಲ್ ಗೇಜ್, ಜೊತೆಗೆ ಗಂಟಿಲ್ಲದ ಒಂದು ಉದ್ದ ರೀಪರ್, ಅಂದರೆ ತೆಳು ಮರದ ಪಟ್ಟಿ. ರೀಪರನ್ನು ಬಗ್ಗಿಸಿ ಕ್ಲ್ಯಾಂಪ್ ಹಾಕಿ ಗೆರೆ ಎಳೆದರೆ ದೋಣಿಯ ಮೈ ಬಾಗು ಬರುತ್ತದೆ. ಎಲ್ಲಾದರೂ ಉಬ್ಬು ಇದ್ದರೆ ದೂರ ನಿಂತು ನೋಡಿದರೆ ಕಾಣುತ್ತದೆ. ಕ್ಲ್ಯಾಂಪ್ ಎಷ್ಟಿದ್ದರೂ ಸಾಲದು. ಸಾಲದಿದ್ದಾಗ ಸೈಕಲ್ ಟ್ಯೂಬ್ ಸೀಳಿ ಬಿಗಿದು ಸುತ್ತುತ್ತಿದ್ದೆವು.

ಕಬ್ಬಿಣದ ಮೊಳೆ ಬೇಡ ಅಂತ ಹಿತ್ತಾಳೆ ಸ್ಕ್ರೂ ತಂದೆವು. ಹಿತ್ತಾಳೆ ಮೆದು, ತೇಗದಲ್ಲಿ ತಿರುಗಿಸುವಾಗ ತಲೆ ಮುರಿಯುತ್ತದೆ. ಮೊದಲು ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ದಾರಿ ಮಾಡಿ, ಬಿಚ್ಚಿ, ಆಮೇಲೆ ಹಿತ್ತಾಳೆಯದಕ್ಕೆ ಮೇಣದಬತ್ತಿ ಸವರಿ ಹಾಕಬೇಕು. ಕೆಲಸ ಎರಡರಷ್ಟು. ಆದರೆ ಒಂದೂ ಮುರಿಯಲಿಲ್ಲ.

ತಳದ ಹಲಗೆಗಳ ಸಂದಿಗೆ ಹತ್ತಿ ತುಂಬಬೇಕಿತ್ತು. ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಾದ ಊರಿನಲ್ಲಿ ಹತ್ತಿಗೇನು ಬರ? ಸಿಂಗಲ್ ಎಳೆ ನೂಲನ್ನು ಸಡಿಲವಾಗಿ ಹೊಸೆದು ಸಂದಿಗೆ ತುರುಕಿ ಬಡಿದೆವು. ಬಡಿಯೋ ಉಳಿಯನ್ನು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಕುಲುಮೆಯಲ್ಲಿ ಮಾಡಿಸಿದ್ದರು. ನಾನು ಅಭ್ಯಾಸಬಲದಿಂದ ಕಲ್ಲಿನತ್ತ ಒಯ್ದೆ. ಮೇಷ್ಟ್ರು ಕೈ ಹಿಡಿದು ನಿಲ್ಲಿಸಿದರು. ಆ ಉಳಿ ಮೊಂಡಾಗಿಯೇ ಇರಬೇಕು. ಹರಿತವಿದ್ದರೆ ಹತ್ತಿಯನ್ನೇ ಕತ್ತರಿಸಿಬಿಡುತ್ತದೆ.

ಕೊಂಡಜ್ಜಿ ಕೆರೆಗೆ ಇಳಿಸಿದಾಗ ಸೋರಿತು. ನೋಡಲು ಬಂದವರು ಚಪ್ಪಾಳೆ ತಟ್ಟಿ ನಕ್ಕರು. ಮೇಷ್ಟ್ರು ದಂಡೆ ಹತ್ತಿರವೇ ಅದನ್ನು ನೀರಲ್ಲಿ ಬಿಡಿಸಿ ಮನೆಗೆ ನಡೆದರು. ಮರುದಿನಕ್ಕೆ ಹಲಗೆ ನೀರು ಕುಡಿದು ಉಬ್ಬಿ ಸಂದು ಬಿಗಿಯಾಗಿತ್ತು. ಇಬ್ಬಿಬ್ಬರೇ ಕೂತು ಹುಟ್ಟು ಹಾಕಿದೆವು.

ಈಗಿನ ಹುಡುಗರು ದೋಣಿ ಮಾಡುವುದಾದರೆ ಐಎಸ್ 710 (ಭಾರತೀಯ ಮಾನಕ) ಗುರುತಿನ, ನೀರು ತಡೆಯುವ ಮರೈನ್ ಪ್ಲೈವುಡ್ ಮತ್ತು ಎಪಾಕ್ಸಿ ಅಂಟಿನಲ್ಲಿ ಮಾಡಿ, ಸುಲಭ. ಪವರ್ ಟೂಲ್ ಬಳಸಿ, ತಪ್ಪೇನಿಲ್ಲ. ಆದರೂ ಓರೆ ಕೂಡಿಸುವಾಗ ಸಣ್ಣ ಕೈಗೊರಡು ಬೇಕೇ ಬೇಕು. ಗಟ್ಟಿಯಾದ ಎಪಾಕ್ಸಿ ತೇಗಕ್ಕಿಂತ ಕೆಟ್ಟದಾಗಿ ಅಲಗು ತಿನ್ನುತ್ತದೆ. ಗೊರಡಿಗೆ ಎರಡು ಬ್ಲೇಡ್ ಇಟ್ಟುಕೊಳ್ಳಿ, ಒಂದು ಮರಕ್ಕೆ, ಒಂದು ಅಂಟಿಗೆ. ಅಂಟಿನದಕ್ಕೆ ಕೆಂಪು ಪೇಂಟ್ ಹಚ್ಚಿಡಿ. ಇಲ್ಲದಿದ್ದರೆ ಪಕ್ಕದ ಬ್ಯಾಚಿನವರು ಕೇಳಲು ಬಂದಾಗ ಒಳ್ಳೆಯದನ್ನೇ ಕೊಟ್ಟುಬಿಡುತ್ತೀರಿ.