ಪಿಎಚ್‌ಪಿ ಸೆಟ್: '7' ಕೊನೆಗೂ '7' ಆಗಿಯೇ ಹೊರಬಂತು

ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾನೇ ಬರೆಯುತ್ತಿರುವ ಸೆಟ್‌ನ (ಒಂದೇ ವ್ಯಾಲ್ಯೂ ಎರಡು ಸಲ ಇರದ ಸಂಗ್ರಹ) ಟೆಸ್ಟ್‌ಗಳೆಲ್ಲ ಹಸಿರು! ಮೂರು ಸಂಜೆ ಹಿಡಿಯಿತು, ಅದೂ ಒಂದೇ ಒಂದು ಅಂಕಿಗೆ.

ಸೆಟ್‌ಗೆ ಸೇರಿಸುವ ಆಡ್, ತೆಗೆಯುವ ರಿಮೂವ್, ಎಣಿಸುವ ಕೌಂಟ್ ನಿಮಗೆ ಗೊತ್ತಿರುವುದೇ, ಬಿಡಿ. ಅರೇಯಲ್ಲಿ (ವ್ಯಾಲ್ಯೂಗಳ ಪಟ್ಟಿ) ಒಂದು ವ್ಯಾಲ್ಯೂ ಇದೆಯೇ ಎಂದು ಹುಡುಕುವ ಇನ್_ಅರೇ ಫಂಕ್ಷನ್ ಒಂದೊಂದನ್ನೇ ನೋಡುತ್ತಾ ಹೋಗುತ್ತದೆ, ನಿಧಾನ. ಹಾಗಾಗಿ ನಾನೂ ಎಲ್ಲರಂತೆ ಬೇಕಾದ್ದನ್ನು ಅರೇ ಕೀ (ವ್ಯಾಲ್ಯೂವನ್ನು ಹುಡುಕುವ ಹೆಸರು) ಮಾಡಿ, ವ್ಯಾಲ್ಯೂ ಜಾಗದಲ್ಲಿ ಟ್ರೂ ಇಟ್ಟು, 'ಈ ಕೀ ಇದೆಯೇ' ಎಂದು ಕೇಳುವ ಇಸ್‌ಸೆಟ್‌ನಲ್ಲಿ ಹುಡುಕುತ್ತಿದ್ದೆ. ವೇಗಕ್ಕೆ ಏನೂ ಕೊರತೆ ಇರಲಿಲ್ಲ.

ಆಮೇಲೆ ನಿಜವಾದ ಡೇಟಾ ಬಂತು. ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಡೇಟಾ ಫೈಲ್) ಕಳಿಸುವವರು ಒಂದೇ ಕಾಲಂನಲ್ಲಿ '7' ಮತ್ತು '07' ಬೆರೆಸುತ್ತಾರೆ. ಎಷ್ಟು ಸಲ ಹೇಳಿದರೂ ಅಷ್ಟೇ. ನನಗೆ ಅವೆರಡೂ ಬೇರೆ ಬೇರೆ ಕೋಡ್, ಎರಡೂ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಫೋರ್‌ಈಚ್ ಲೂಪ್‌ನಲ್ಲಿ ಕೀಗಳನ್ನು ಒಂದೊಂದಾಗಿ ತೆಗೆದರೆ '07' ಸ್ಟ್ರಿಂಗ್ ಆಗಿಯೇ ಬಂತು, '7' ಮಾತ್ರ ಇಂಟ್ (ಪೂರ್ಣಾಂಕ)! ಬೇರೆ ಟೈಪ್‌ನ ವ್ಯಾಲ್ಯೂ ಒಪ್ಪದ ಸ್ಟ್ರಿಕ್ಟ್ ಟೈಪ್ಸ್ ಹಾಕಿದ್ದರಿಂದ ಮುಂದಿನ ಫಂಕ್ಷನ್ ಟೈಪ್‌ಎರರ್ ಎಂದು ಅಲ್ಲೇ ನಿಂತಿತು.

ಅರೇ ಕೀ ಅಂದರೆ ಇಂಟ್ ಅಥವಾ ಸ್ಟ್ರಿಂಗ್, ಅಷ್ಟೇ ಅಲ್ವಾ? '7' ಥರದ ಸ್ಟ್ರಿಂಗನ್ನು ಪಿಎಚ್‌ಪಿ ತಾನೇ ಇಂಟ್ ಮಾಡಿಕೊಳ್ಳುತ್ತದೆ. ಟ್ರೂ ಕೊಟ್ಟರೆ 1 ಆಗುತ್ತದೆ. ಸಾಲದ್ದಕ್ಕೆ ಯೂನಿಯನ್‌ಗೆ (ಎರಡು ಸೆಟ್ ಒಂದು ಮಾಡಲು) ಅರೇ_ಮರ್ಜ್ ಫಂಕ್ಷನ್ ಬಳಸಿದ್ದೆ. ಅದು ಇಂಟ್ ಕೀಗಳಿಗೆಲ್ಲ 0ಯಿಂದ ಹೊಸ ನಂಬರ್ ಕೊಟ್ಟಿತು. ಸೆಟ್‌ನಲ್ಲಿದ್ದ 7 ಮಾಯ, ಯಾರೂ ಹಾಕದ 0 ಹಾಜರ್! ಸುಮ್ನೆ + ಹಾಕಿದ್ದರೆ ಸಾಕಿತ್ತು, ಅದು ಕೀ ಬದಲಿಸುವುದಿಲ್ಲ.

ಬಿಡಿಸಿದ್ದು ಹೀಗೆ. ಕೀ ಮುಂದೆ ಟೈಪ್ ಗುರುತು ಸೇರಿಸಿದೆ: ಇಂಟ್‌ಗೆ 'ಇ:7', ಸ್ಟ್ರಿಂಗ್‌ಗೆ 'ಸ:7'. ಟ್ರೂ ಇದ್ದ ಜಾಗಕ್ಕೆ ಕೊಟ್ಟ ವ್ಯಾಲ್ಯೂವನ್ನೇ ಹಾಗೇ ಇಟ್ಟೆ. ಆದರೂ ಒಂದು ಟೆಸ್ಟ್ ಕೆಂಪು. ನಲ್ (ಏನೂ ಇಲ್ಲ ಎಂಬ ವ್ಯಾಲ್ಯೂ) ಸೇರಿಸಿದರೆ ಇಸ್‌ಸೆಟ್ 'ಇಲ್ಲ' ಅನ್ನುತ್ತಿತ್ತು, ವ್ಯಾಲ್ಯೂ ನಲ್ ಇದ್ದರೆ ಅದು ಕೊಡುವುದೇ ಫಾಲ್ಸ್. ಅಲ್ಲಿ ಕೀ ಇದೆಯೇ ಎಂದಷ್ಟೇ ನೋಡುವ ಅರೇ_ಕೀ_ಎಕ್ಸಿಸ್ಟ್ಸ್ ಹಾಕಿದೆ. ಫ್ಲೋಟ್‌ನದ್ದು (ದಶಮಾಂಶ ಸಂಖ್ಯೆ) ಇನ್ನೊಂದು ತಂಟೆ: 0.0 ಮತ್ತು -0.0 ಹೋಲಿಸಿದರೆ ಸಮ, ಸ್ಟ್ರಿಂಗ್ ಮಾಡಿದರೆ '0' ಮತ್ತು '-0'. ಅದಕ್ಕೂ ಒಂದು ಇಫ್ ಷರತ್ತು.

ಆಬ್ಜೆಕ್ಟ್‌ನ ಕೀಗೆ, ಅದರ ಐಡಿ ನಂಬರ್ ಕೊಡುವ ಎಸ್‌ಪಿಎಲ್_ಆಬ್ಜೆಕ್ಟ್_ಐಡಿ ಫಂಕ್ಷನ್. ಆಬ್ಜೆಕ್ಟ್ ಅಳಿದ ಮೇಲೆ ಅದೇ ಐಡಿ ಇನ್ನೊಂದಕ್ಕೆ ಸಿಗಬಹುದು. ಇಲ್ಲಿ ಆಬ್ಜೆಕ್ಟೇ ಸೆಟ್ ಒಳಗೆ ಕೂತಿರುವುದರಿಂದ ಆ ಭಯವಿಲ್ಲ. ಈ ಗುರುತಿನ ಉಪಾಯದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದೇ ಇದು.

ಈಗ ಬಿಟ್‌ಸೆಟ್ (ನಂಬರ್ ಇದೆಯೋ ಇಲ್ಲವೋ ಎಂಬುದನ್ನು ಒಂದೇ ಬಿಟ್‌ನಲ್ಲಿ ಇಡುವ ಸೆಟ್) ತಲೆಗೆ ಹೊಕ್ಕಿದೆ. 10 ಲಕ್ಷ ನಂಬರ್‌ಗೆ ತಲಾ ಒಂದು ಬಿಟ್ ಅಂದರೆ 1,25,000 ಬೈಟ್‌ನ ಒಂದೇ ಸ್ಟ್ರಿಂಗ್. ಈವರೆಗೆ ಬಳಸಿದ ಕೀ ಇರುವ ಅರೇಯಲ್ಲಿ, ಅಂದರೆ ಹ್ಯಾಶ್ ಅರೇಯಲ್ಲಿ, ಒಂದೊಂದು ಬಕೆಟ್ಟೇ (ಒಂದು ಕೀ, ವ್ಯಾಲ್ಯೂ ಕೂರುವ ಜಾಗ) 32 ಬೈಟ್ ತಿನ್ನುತ್ತದೆ! ಸೊನ್ನೆ ಬೈಟ್‌ಗಳ ಸ್ಟ್ರಿಂಗ್ ನಿನ್ನೆ ರಾತ್ರಿಯೇ ತಯಾರಾಗಿದೆ. ನಾಳೆ ಆಡ್.