ಆಸ್ಪತ್ರೆಯಲ್ಲಿ ನೀನು ಮಾಡ್ತಿದ್ದುದೇನು?

ಮದುವೆ ಮನೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಎಲ್ಲಿ ಸಿಕ್ಕರೂ ಇದೇ ಪ್ರಶ್ನೆ. "ಬಿ.ಕಾಂ. ಓದಿ ಆಸ್ಪತ್ರೇಲಿ ಅಪ್ರೆಂಟಿಸ್ ಇದ್ದೆ ಅಂತೆ. ನರ್ಸೂ ಅಲ್ಲ, ಡಾಕ್ಟ್ರೂ ಅಲ್ಲ. ಅಲ್ಲಿ ಮಾಡ್ತಿದ್ದುದಾದ್ರೂ ಏನಮ್ಮ?" ಮೊದಲೆಲ್ಲ "ಆಡಳಿತ ವಿಭಾಗ" ಎನ್ನುತ್ತಿದ್ದೆ. "ಓ, ಮ್ಯಾನೇಜರ್ರಾ!" ಎಂದು ಖುಷಿಪಡುತ್ತಿದ್ದರು. ಅದನ್ನು ಯಾಕೆ ಕೆಡಿಸಬೇಕು ಅಂತ ನಾನೂ ಸುಮ್ಮನಿರುತ್ತಿದ್ದೆ. ಈಗ ಚಿಕ್ಕಪ್ಪನ ಮಗಳು ಸೇರುತ್ತೇನೆ ಎನ್ನುತ್ತಿದ್ದಾಳೆ, ಹಾಗಾಗಿ ನಿಜ ಹೇಳಿಬಿಡುತ್ತೇನೆ. ನಾನು ಹೆಸರು ಬರೆಯುತ್ತಿದ್ದೆ.

ದುಡ್ಡಿನ ವಿಷಯ ಮೊದಲೇ ಮುಗಿಸಿಬಿಡೋಣ, ಯಾಕಂದ್ರೆ ಎರಡನೇ ಪ್ರಶ್ನೆ ಅದೇ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಂದು ವರ್ಷದ ತರಬೇತಿ. ನಾನು ಸೇರಿದ್ದು 2022ರಲ್ಲಿ. ಆಗ ಡಿಗ್ರಿ ಆದವರಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಸ್ಟೈಪೆಂಡ್, ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅಂತ ಕಾನೂನಿನಲ್ಲಿ ಇಲ್ಲ. ಒಪ್ಪಂದದಲ್ಲಿ ಬರೆದಿದ್ದರೆ ಮಾತ್ರ ಉಂಟು. ಸಹಿ ಹಾಕುವ ಮೊದಲು ಅದನ್ನು ಓದಿ.

ಈಗ ಹೆಸರಿನ ಕಥೆ.

ಮೊದಲ ಎರಡು ತಿಂಗಳು ನನ್ನನ್ನು ನೋಂದಣಿ ಕೌಂಟರಿನಲ್ಲಿ ಕೂರಿಸಿದರು. ಬಂದವರ ಹೆಸರು, ವಯಸ್ಸು, ಊರು ಕೇಳಿ ಕಂಪ್ಯೂಟರಿಗೆ ತುಂಬುವುದು. ಇದೇನು ಮಹಾ ಅಂದುಕೊಂಡಿದ್ದೆ. ನಮ್ಮ ತುಮಕೂರು ಸೀಮೆಯಲ್ಲಿ ಕೂಗುವ ಹೆಸರೇ ಬೇರೆ, ಆಧಾರ್ ಕಾರ್ಡಿನ ಹೆಸರೇ ಬೇರೆ, ರೇಷನ್ ಕಾರ್ಡಿನದು ಮೂರನೆಯದು. ಮನೆಯಲ್ಲಿ ಲಕ್ಷ್ಮಕ್ಕ, ಆಧಾರ್‌ನಲ್ಲಿ ಲಕ್ಷ್ಮಮ್ಮ, ರೇಷನ್ ಕಾರ್ಡಿನಲ್ಲಿ ಲಕ್ಷ್ಮೀದೇವಮ್ಮ. ಇನಿಷಿಯಲ್ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ವಯಸ್ಸಾದವರು ಎಷ್ಟೋ ಜನ ಜನವರಿ 1ರಂದೇ ಹುಟ್ಟಿದ್ದಾರೆ!

ಒಂದು ಬೆಳಗ್ಗೆ ಒಬ್ಬ ಅಜ್ಜಿ ಬಂದರು. ಅಜ್ಜನಿಗೆ ಉಸಿರಾಟದ ತೊಂದರೆ, ಆಗಲೇ ಎಮರ್ಜೆನ್ಸಿ ಒಳಗೆ ಕರೆದುಕೊಂಡು ಹೋಗಿದ್ದರು. "ಯಜಮಾನರ ಹೆಸರೇನಜ್ಜಿ?" ಅಂದೆ. ಅಜ್ಜಿ ಸೆರಗು ಬಾಯಿಗೆ ಹಿಡಿದರು. ಗಂಡನ ಹೆಸರು ಬಾಯಿಬಿಟ್ಟು ಹೇಳುವವರಲ್ಲ. "ರಾಮನ ಬಂಟನ ಹೆಸ್ರು ಕಣವ್ವ" ಅಂದರು. ಹಿಂದೆ ಉದ್ದ ಸಾಲು. ಬಹಳ ಜಾಣೆಯ ಹಾಗೆ "ಹನುಮಂತಪ್ಪಾನಾ?" ಅಂದೆ. ಅಜ್ಜಿ ತಲೆ ಆಡಿಸಿದಂತೆ ಕಂಡಿತು. ಬರೆದೆ.

ಕಾರ್ಡಿನಲ್ಲಿ ಇದ್ದದ್ದು ಆಂಜಿನಪ್ಪ.

ದೇವರು ಒಬ್ಬನೇ ಇರಬಹುದು, ಕಂಪ್ಯೂಟರಿಗೆ ಇಬ್ಬರು. ಕೈಗೆ ಕಟ್ಟಿದ ಪಟ್ಟಿ, ರಕ್ತ ಪರೀಕ್ಷೆಯ ಚೀಟಿ, ಎಕ್ಸ್‌ರೇ, ಕೇಸ್ ಶೀಟ್, ಎಲ್ಲದರ ಮೇಲೂ ನಾನು ಹುಟ್ಟಿಸಿದ ಹನುಮಂತಪ್ಪ. ಅವರದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂಥ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಉಚಿತ. ಆದರೆ ಕಾಗದದ ಹೆಸರು ಕಾರ್ಡಿಗೆ ಹೊಂದಬೇಕು. ಅರ್ಜಿ ಹೋದಷ್ಟೇ ಬೇಗ ಕ್ವೆರಿ ಬಂತು. ಕ್ವೆರಿ ಅಂದ್ರೆ ಆ ಕಡೆಯವರು ಪ್ರಶ್ನೆ ಹಾಕಿ ಕಡತ ನಿಲ್ಲಿಸುವುದು. ಲ್ಯಾಬಿಗೆ ಹೋಗಿ ತಿದ್ದಿಸಿ, ಡಾಕ್ಟರ ಸಹಿ ಹಾಕಿಸಿ, ಪತ್ರ ಬರೆಸುವ ಹೊತ್ತಿಗೆ ಸಂಜೆಯಾಯಿತು. ಅಷ್ಟೂ ಹೊತ್ತು ಅಜ್ಜಿ ಬೆಂಚಿನ ಮೇಲೆ, ಒಂದು ಬನ್ನು ಹಿಡಿದುಕೊಂಡು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮೊದಲು ಕಾರ್ಡ್ ಇಸ್ಕೋ, ಆಮೇಲೆ ಬಾಯಿಮಾತು ಕೇಳು" ಅಂದರು ರೆಕಾರ್ಡ್ ವಿಭಾಗದ ಮೇಡಂ. ಮುಂದಿನ ವಾರವೇ ನನ್ನನ್ನು ತಮ್ಮ ಕೋಣೆಗೆ ಎಳೆದುಕೊಂಡರು. ಶಿಕ್ಷೆ ಅಂದುಕೊಂಡೆ. ನಿಜ ಹೇಳಬೇಕಂದ್ರೆ ಇಡೀ ವರ್ಷದಲ್ಲಿ ಜಾಸ್ತಿ ಕಲಿತದ್ದು ಅಲ್ಲೇ. ಡಿಸ್ಚಾರ್ಜ್ ಆದವರ ಕಡತ ಬಿಡಿಸಿ, ಹಾಳೆಗಳನ್ನು ಕ್ರಮವಾಗಿ ಜೋಡಿಸಿ, ಕಾಯಿಲೆಗೆ ಕೋಡ್ ಹಾಕುವುದು. ಲೋಕದ ಕಾಯಿಲೆಗಳಿಗೆಲ್ಲ ಐಸಿಡಿ-10 ಪಟ್ಟಿಯಲ್ಲಿ ಒಂದೊಂದು ಅಂಕಿ ಇದೆ. ಐ21 ಅಂದ್ರೆ ಹೃದಯಾಘಾತ, ಡಬ್ಲ್ಯೂ54 ಅಂದ್ರೆ ನಾಯಿ ಕಡಿತ. ಈಗಲೂ ಬೀದಿ ನಾಯಿ ಕಂಡರೆ ನನ್ನ ತಲೆಯಲ್ಲಿ ಡಬ್ಲ್ಯೂ54 ಬೊಗಳುತ್ತದೆ.

ಹುಟ್ಟಿದ ಮಕ್ಕಳ ಪಟ್ಟಿಯೂ ಅಲ್ಲೇ. ಹೆಸರಿಡುವ ತನಕ ಮಗುವಿಗೆ ಅಮ್ಮನ ಹೆಸರೇ ಗತಿ: 'ಬೇಬಿ ಆಫ್ ಸವಿತಾ' ಅಂತ. 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆಸ್ಪತ್ರೆಯಲ್ಲಿ ಹುಟ್ಟಿದರೆ ಮಾಹಿತಿ ಕಳಿಸುವ ಹೊಣೆ ಆಸ್ಪತ್ರೆಯದೇ. ಮಗುವಿನ ಹೆಸರನ್ನು ಆಮೇಲೆ ಸೇರಿಸಬಹುದು, ಒಂದು ವರ್ಷದೊಳಗಾದರೆ ಶುಲ್ಕವಿಲ್ಲ. ಅಪ್ಪ ಅಮ್ಮನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಮಾತ್ರ ಶಾಲೆಗೆ ಸೇರಿಸುವಾಗ ಕಚೇರಿ ಕಚೇರಿ ಅಲೆಯಬೇಕು. ಅದಕ್ಕೇ ಆ ಫಾರಂ ಬಂದಾಗ ನಾನು ವಾರ್ಡಿಗೇ ಹೋಗಿ, ಬಾಣಂತಿಗೆ ಓದಿ ಹೇಳಿ, ಹೌದು ಅನ್ನಿಸಿಕೊಂಡು ಬರುತ್ತಿದ್ದೆ. ಕೆಲವರು ನಿದ್ದೆಗಣ್ಣಲ್ಲಿ ಬೈದದ್ದೂ ಉಂಟು.

ನಮ್ಮ ಹುಡುಗಿಗೆ ಒಂದು ಮಾತು. ಕೆಲವು ಕಡೆ ಅಪ್ರೆಂಟಿಸ್ ಅಂದ್ರೆ ಅಗ್ಗದ ಆಳು, ವರ್ಷವಿಡೀ ಝೆರಾಕ್ಸ್ ಮಾಡಿಸುತ್ತಾರೆ. ಬಿಲ್ಲಿಂಗ್, ವಿಮೆ, ರೆಕಾರ್ಡ್, ಎಲ್ಲ ಕಡೆ ಕೂರಿಸುತ್ತೀರಾ ಅಂತ ಸೇರುವ ದಿನವೇ ಕೇಳು. ಕೇಳಿದರೆ ಯಾರೂ ಹೊಡೆಯಲ್ಲ.

ಹದಿನೈದು ದಿನ ಬಿಟ್ಟು ಅಜ್ಜಿ ಅಜ್ಜನನ್ನು ತೋರಿಸೋಕೆ ಮತ್ತೆ ಬಂದರು. ಆ ದಿನ ಕೌಂಟರಿನಲ್ಲಿ ಇನ್ನೊಬ್ಬಳು ರಜೆ, ಅವಳ ಜಾಗದಲ್ಲಿ ನಾನು. ನನ್ನ ಮುಖ ನೋಡಿದವರೇ, ನಾನು ಬಾಯಿ ತೆರೆಯುವ ಮೊದಲೇ, ಪ್ಲಾಸ್ಟಿಕ್ ಕವರಿನಿಂದ ಆಧಾರ್ ಕಾರ್ಡು, ರೇಷನ್ ಕಾರ್ಡು ಎರಡನ್ನೂ ತೆಗೆದು ಗಾಜಿನ ಕಿಂಡಿಯೊಳಗೆ ತೂರಿಸಿದರು.

"ಈ ಸಲ ನೋಡ್ಕಂಡು ಬರ್ಕಳವ್ವ."